ಕೋಟೆ ಬಾಗಿಲಿನ ಮಾತು

“ಈ ಅಮ್ಮಿ ಡಿಗ್ರಿ ಮಾಡೋದಾ? ಆಗದ ಮಾತು” ಅಂತ ನನ್ನನ್ನು ತೋರಿಸಿ ಅಂದವರು ನಮ್ಮ ದೊಡ್ಡಪ್ಪ. ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಈಗಲೂ ಮಂಡ್ಯ ಸೀಮೆಯ ನಮ್ಮೂರು ಕೊಪ್ಪದಲ್ಲಿ ಅವರು ಹಾಗಂದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲೇ ನಾವು ನಾಲ್ವರು ಹುಡುಗಿಯರು, ಮಂಡ್ಯದ ಹಾಸ್ಟೆಲಿನಿಂದ ಬಂದಿದ್ದ ರೂಪಕ್ಕ ಕಲಿಸಿದ ಕಥೆಯಾಟ ಆಡುತ್ತಿದ್ದೆವು. ಸೀಮೆಸುಣ್ಣದಲ್ಲಿ ಬರೆದ ಕೋಟೆ, ದಾಳಕ್ಕೆ ಉಜ್ಜಿದ ಹುಣಸೆ ಬೀಜ. ಆಟದೊಳಗಿನ ದೇಶದ ಭಾಷೆಯನ್ನೂ ನಾವೇ ಕಟ್ಟಿದ್ದೆವು. ನಾಲ್ವರೂ ಒಪ್ಪಿದರಷ್ಟೇ ಅದು ಪದ. ನಡುವೆ ಕನ್ನಡ ಆಡಿದವಳ ಪಾತ್ರ ಸತ್ತಂತೆ. ಕೋಟೆಯ ಮುಂದೆ ನಿಂತು ನಾನು “ಸೋರಿಮ” ಅಂದೆ. ಬಾಗಿಲು ತೆಗೆ ಅಂತ ಅರ್ಥ.

“ಏನಮ್ಮಿ ಅದು? ಕನ್ನಡದಲ್ಲಿ ಬೊಗಳು!”

ಹಿಂದೆ ದೊಡ್ಡಪ್ಪ ನಿಂತಿದ್ದರು. ಗೆಳತಿಯರು ನನ್ನ ಬಾಯನ್ನೇ ನೋಡಿದರು. ಕನ್ನಡ ಆಡಿದರೆ ನನ್ನ ಪಾತ್ರ ಸಾಯುತ್ತಿತ್ತು. ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ಕೋಟೆಯ ಗೆರೆಯ ಮೇಲೇ ನಿಂತೆ.

“ನಾಳೆಯಿಂದ ಇಸ್ಕೂಲ್ ಬುಡ್ಸು, ಗದ್ದೆಗೆ ಕಳ್ಸು” ಅಂದರು ಅವ್ವನಿಗೆ.

ಅವ್ವ ತಲೆ ಎತ್ತಲಿಲ್ಲ. “ಆಡ್ಕಂಡೇ ಓದ್ತಾಳೆ. ಓದ್ಲಿ ಬುಡಿ, ಬಾವ.”

ವರ್ಷಗಳು ಕಳೆದು ನಾನು ಡಿಗ್ರಿ ಸರ್ಟಿಫಿಕೇಟು ತಂದುಕೊಟ್ಟ ದಿನ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಈಸಿಕೊಂಡಳು. ದೊಡ್ಡಪ್ಪನ ಎದುರೇ ಹೇಳಿದಳು: “ಸೋರಿಮ ಅಂತಿದ್ದೆ ಅಲ್ವಾ? ಬಾಗ್ಲು ತೆಗೀತು ಕಣಮ್ಮಿ.”