ಬಣ್ಣ ಕೆರೆದ ಜಾಗ

“ಕೈ ಹಚ್ಚಬೇಡ್ರೀ ಅತ್ತಿಗೆ, ಪೂಜೆ ಗಾಡಿ ಅದು!” ಎಂದು ಚನ್ನೇಶ ಕೂಗಿದ. ಜಗದಾಂಬ ಆಗಲೇ ಹಳೆಯ ಅಂಬಾಸಿಡರಿನ ಬಾನೆಟ್ ಎತ್ತಿ, ಸ್ಪ್ಯಾನರನ್ನೂ ಹಣ್ಣು ಕೊಯ್ಯುವ ಚಾಕುವನ್ನೂ ಹಿಡಿದು ಬಗ್ಗಿದ್ದಳು. ಗಂಡ ನಾಗರಾಜಪ್ಪ ತೀರಿಕೊಂಡ ಮೇಲೆ ಇದು ಮೊದಲನೆಯ ಆಯುಧಪೂಜೆ. ವಿಧವೆ ಮುಟ್ಟಬಾರದೆಂದು ಈ ಸಲ ಮೈದುನನೇ ಕಾರಿಗೆ ಬಣ್ಣ ಬಳಿದಿದ್ದ. ಈಗ ನೋಡಿದರೆ ಮುಂದಿನ ಎರಡು ದೀಪಗಳೂ ಹೊತ್ತುತ್ತಿರಲಿಲ್ಲ.

“ಅಣ್ಣನ ಜೊತೆ ಇದರ ಕಣ್ಣೂ ಹೋಯ್ತು. ನಾಳೆ ಶಿಕಾರಿಪುರದ ಗುಜರಿಗೆ ಹಾಕೋದೇ ಸೈ.”

“ಹಾರ್ನ್ ಊರಿಗೆಲ್ಲ ಕೇಳಂಗೆ ಕೂಗುತ್ತಲ್ಲೋ. ಬ್ಯಾಟರಿ ಗಟ್ಟಿ ಐತೆ.” ದೀಪದ ವೈರಿನ ಜಾಡು ಹಿಡಿದ ಅವಳ ಬೆರಳು, ಅದು ಕಾರಿನ ಮೈಗೆ ಸೇರುವ ಬೋಲ್ಟಿನ ಬಳಿ ನಿಂತಿತು. ಪ್ರತಿವರ್ಷ ಬಣ್ಣ ಹಚ್ಚುವಾಗ ಗಂಡ ಅಲ್ಲಿ ರೂಪಾಯಿಯಗಲ ಜಾಗ ಬಿಡುತ್ತಿದ್ದ; ಅದಕ್ಕೆ ಕಾಗದ ಅಂಟಿಸುತ್ತಿದ್ದವಳು ಅವಳೇ. “ಇಲ್ಲಿ ವೈರಿಗೆ ಬರೀ ತಗಡು ತಾಗಬೇಕು, ಬಣ್ಣದಲ್ಲಿ ಕರೆಂಟು ಹಾಯಲ್ಲ. ನೀನು ಬಣ್ಣದ ಮೇಲೆ ಬಿಗಿದಿದ್ದೀಯ.” ಬೋಲ್ಟ್ ಬಿಚ್ಚಿ, ತಗಡು ಹೊಳೆಯುವ ತನಕ ಕೆರೆದು, ಮತ್ತೆ ಬಿಗಿದಳು.

ಸ್ವಿಚ್ ಹಾಕಿದೊಡನೆ ಎರಡು ದೀಪಗಳೂ ಹಾಡಹಗಲಲ್ಲೇ ಝಗ್ಗನೆ ಹೊತ್ತಿದವು. ಅವಳು ಪೂಜೆಯ ತಟ್ಟೆಗೆ ಕೈ ಚಾಚಿದಳು. ಚನ್ನೇಶ ಅದನ್ನು ಹಿಂದಕ್ಕೆಳೆದುಕೊಂಡ. “ವಿಭೂತಿ ಶಿವನದು, ನಿನ್ನದಲ್ಲ. ಕೊಡು,” ಎಂದು ಜಗದಾಂಬ ಕಿತ್ತುಕೊಂಡು, ಉರಿಯುವ ಎರಡೂ ಗಾಜಿನ ಮೇಲೆ ಮೂರು ಬೆರಳು ಎಳೆದಳು. ಆಮೇಲೆ ಗಂಡ ಕೂರುತ್ತಿದ್ದ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದಳು.

“ಏನು ನೋಡ್ತೀಯ? ಚಕ್ರಕ್ಕೆ ನಿಂಬೆಹಣ್ಣು ಇಡು.”