ಎಡಗಡೆಯ ಹಾಲು

ಮಗು ಮತ್ತೆ ಮುಖ ತಿರುಗಿಸಿತು. ಬಲಗಡೆ ಲೊಚಗುಟ್ಟಿಕೊಂಡು ಕುಡಿದದ್ದು, ಎಡಗಡೆಗೆ ಒತ್ತಿಕೊಂಡ ಕೂಡಲೇ ಬೆನ್ನು ಸೆಟೆಸಿ, ಮುಷ್ಟಿ ಬಿಗಿದು, ಸೂರು ಹಾರಿಹೋಗುವ ಹಾಗೆ ಅಳತೊಡಗಿತು.

"ನೋಡಮ್ಮ, ನಿನ್ನ ಮೊಮ್ಮಗಳ ದರ್ಬಾರು," ಎಂದು ಬಾಣಂತಿ ಮಗಳು ನಕ್ಕಳು. "ಈ ವಾರವೆಲ್ಲ ಇದೇ ಕಥೆ. ಬಲಗಡೆಯದೇ ಬೇಕಂತೆ ಮಹಾರಾಣಿಗೆ. ಎಡಗಡೆಯದು ಸಪ್ಪೆಯೇನೋ!"

ಕಿಟಕಿಯ ಬಳಿ ಕೂತು ಮೊಮ್ಮಗಳ ಅಂಗಿಗೆ ಗುಂಡಿ ಹಚ್ಚುತ್ತಿದ್ದ ತಾಯಿ, ದಾರ ಕಡಿಯಲು ಬಾಯಿಗಿಟ್ಟವಳು ಹಾಗೆಯೇ ಉಳಿದಳು. ಆಮೇಲೆ ಅಂಗಿಯನ್ನು ಪಕ್ಕಕ್ಕೆ ಇಟ್ಟಳು.

"ಏಳು, ಬಟ್ಟೆ ಬದಲಾಯಿಸು. ಆಸ್ಪತ್ರೆಗೆ ಹೋಗೋಣ."

"ಪಾಪೂಗೆ ಏನಾಗಿದೆ ಅಂತ?"

"ಪಾಪೂಗಲ್ಲ. ನಿನ್ನನ್ನ ತೋರಿಸೋಕೆ."

"ಹಾಲು ಒಲ್ಲೆ ಅನ್ನೋಳು ಅವಳು, ಡಾಕ್ಟ್ರ ಹತ್ರ ಹೋಗೋಳು ನಾನಾ? ಚೆನ್ನಾಗಿದೆ ನಿನ್ನ ನ್ಯಾಯ!"

ತಾಯಿ ನಗಲಿಲ್ಲ. "ನೀನೂ ಹೀಗೇ ಮಾಡಿದ್ದೆ," ಎಂದಳು.

ತಾಯಿಯ ಆಪರೇಷನ್ನಿನ ವಿಷಯ ಮಗಳಿಗೆ ಹೊಸದಲ್ಲ. ನೆನಪು ಮೂಡಿದಾಗಿನಿಂದ ಅವಳು ಕಂಡದ್ದೇ ಎಡ ಎದೆಯಿಲ್ಲದ ಅಮ್ಮನನ್ನು. ಆದರೆ ಆ ಕಥೆಯಲ್ಲಿ ತಾನೂ ಇದ್ದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತಾಯಿ ಹೇಳತೊಡಗಿದಳು.

ಆಗ ಅವರದು ಅಂಗಡಿಯೊಂದರ ಮಾಳಿಗೆಯಲ್ಲಿ ಒಂಟಿ ಕೋಣೆ. ಊರ ಹೆಂಗಸರ ಬಟ್ಟೆ ಹೊಲಿಯುವುದು ತಾಯಿಯ ಕಸುಬು. ಒಂದು ಕಾಲು ಹೊಲಿಗೆ ಯಂತ್ರಕ್ಕೆ, ಇನ್ನೊಂದು ಕಾಲಿನ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ. ಯಂತ್ರದ ಸದ್ದು ನಿಂತರೆ ಕೂಸು ಎದ್ದುಬಿಡುತ್ತಿತ್ತು. ಹಾಗಾಗಿ ಹೊಲಿಯಲು ಬಟ್ಟೆಯಿಲ್ಲದಾಗಲೂ ಬರಿದೇ ತುಳಿಯುತ್ತಿದ್ದಳು. ಮಧ್ಯಾಹ್ನದ ಬಿಸಿಲು, ಕತ್ತರಿಸಿ ಉಳಿದ ಚೂರುಬಟ್ಟೆಗಳ ರಾಶಿಯ ಮೇಲೆ ಬಿದ್ದು ಗೋಡೆಗೆಲ್ಲ ಬಣ್ಣ ಬರುತ್ತಿತ್ತು. ಬಡತನಕ್ಕೇನೂ ಕಡಿಮೆಯಿರಲಿಲ್ಲ. ಆದರೂ ಅಂಥ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಅಂಥ ಒಂದು ಮಧ್ಯಾಹ್ನವೇ ಕೂಸು ಎಡಗಡೆಯನ್ನು ಒಲ್ಲೆ ಎಂದಿತು. "ಅಪ್ಪನ ಬುದ್ಧಿ ಕಣೇ," ಎಂದರು ಅತ್ತೆ. "ನನ್ನ ಮಗನೂ ತಟ್ಟೆಯ ಒಂದೇ ಮೂಲೆಯಿಂದ ತಿನ್ನೋನು." ಕುಡಿಯದ ಹಾಲು ಕಟ್ಟಿಕೊಂಡಿದೆ ಎಂದುಕೊಂಡಳು ಅವಳೂ. ತೊಟ್ಟ ಅಂಗಿ ಎಡಕ್ಕೆ ಬಿಗಿಯಾಯಿತು. ಬಿಗಿಯಾದದ್ದನ್ನು ಸಡಿಲ ಮಾಡುವುದು ಅವಳ ಎಡಗೈ ಕೆಲಸ. ಪಕ್ಕದ ಹೊಲಿಗೆ ಬಿಚ್ಚಿ, ಒಂದಿಷ್ಟು ಬಿಟ್ಟು, ಮತ್ತೆ ಹೊಲಿದುಕೊಂಡಳು. ಅದೂ ಬಿಗಿಯಾಯಿತು. ಅದನ್ನೂ ಬಿಚ್ಚಿದಳು. ಬಟ್ಟೆಯನ್ನೇ ಸರಿಮಾಡುತ್ತ ಹೋದಳೇ ಹೊರತು, ಮೈ ಯಾಕೆ ಹೀಗೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಒಳಮಡಿಕೆಯಲ್ಲಿ ಬಿಡಲು ಬಟ್ಟೆಯೇ ಉಳಿಯದ ಹೊತ್ತಿಗೆ, ಯೂನಿಫಾರಂ ಹೊಲಿಸಲು ಬಂದಿದ್ದ ನರ್ಸಮ್ಮ ಕೂಸು ಮುಖ ತಿರುಗಿಸುವುದನ್ನು ಕಂಡಳು. ಅಳತೆ ಕೊಡುವುದನ್ನು ಅಲ್ಲಿಗೇ ಬಿಟ್ಟು, ಕೈಹಿಡಿದು ಎಬ್ಬಿಸಿದಳು.

"ಅಪರೂಪಕ್ಕೆ ಹೀಗೂ ಆಗತ್ತೆ ಅಂದ್ರು ಡಾಕ್ಟ್ರು," ಎಂದಳು ತಾಯಿ. "ಒಳಗೆ ಗಡ್ಡೆ ಬೆಳೀತಿದ್ರೆ, ಕೆಲವು ಸಲ ಅಮ್ಮನಿಗೆ ತಿಳಿಯೋಕೆ ಮುಂಚೆ ಮಗು ಆ ಕಡೆ ಬೇಡ ಅನ್ನತ್ತಂತೆ."

"ಇಷ್ಟು ವರ್ಷ ನಂಗೆ ಹೇಳ್ಲೇ ಇಲ್ವಲ್ಲಮ್ಮ!"

"ಹೇಳಿದ್ರೆ ಉಳಿಗಾಲ ಇತ್ತಾ ನಂಗೆ? ಸಣ್ಣ ಮಾತಿಗೂ 'ನಿನ್ನ ಜೀವ ಉಳಿಸಿದ್ದು ಯಾರು' ಅಂತ ತಲೆ ಮೇಲೆ ಕೂರ್ತಿದ್ದೆ."

ಈ ಸಲ ಮಗಳು ನಗಲಿಲ್ಲ. ಅವಳ ಕೈ ಅವಳಿಗೇ ತಿಳಿಯದಂತೆ ಎಡ ಎದೆಯ ಮೇಲೆ ಹೋಗಿತ್ತು.

ಮಗಳನ್ನು ಸ್ಕ್ಯಾನಿಂಗ್ ಕೋಣೆಯೊಳಗೆ ಕರೆದು ಬಾಗಿಲು ಹಾಕಿಕೊಂಡರು. ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಳು. ಅಂದು ಹೀಗೆ ಹೊರಗೆ ಕೂಸು ಹಿಡಿದು ಕೂತಿದ್ದವರು ಅತ್ತೆ. ಬಾಯಿಗೆ ಬಿಡುವು ಕೊಡದ ಹೆಂಗಸು ಅವತ್ತು ತುಟಿ ಪಿಟಕ್ಕೆನ್ನಲಿಲ್ಲವೆಂದು ಆಮೇಲೆ ಯಾರೋ ಹೇಳಿದ್ದರು. ಆಗ ನಂಬಿರಲಿಲ್ಲ. ಈಗ ನಂಬಿಕೆ ಬಂತು.

ಬಾಗಿಲು ತೆರೆಯಿತು. ಮಗಳ ಹಿಂದೆಯೇ ಡಾಕ್ಟರಮ್ಮ ಬಂದಳು. "ಎದೆಯಲ್ಲಿ ಏನೂ ಇಲ್ಲಮ್ಮ, ಚೆನ್ನಾಗಿ ನೋಡಿದೀನಿ," ಎಂದು, ಮಗುವನ್ನು ಎತ್ತಿಕೊಂಡು ಮೆಲ್ಲಗೆ ತಲೆ ಹೊರಳಿಸಿದಳು. ಮಗು ಕಿರುಚಿತು. "ತೊಂದರೆ ಇಲ್ಲಿದೆ ನೋಡಿ. ಕತ್ತು ಒಂದು ಪಕ್ಕ ಹಿಡ್ಕೊಂಡಿದೆ, ಆ ಕಡೆ ತಿರುಗಿದ್ರೆ ನೋಯತ್ತೆ. ದಿನಾ ಮಾಡಿಸೋ ವ್ಯಾಯಾಮ ಹೇಳಿಕೊಡ್ತೀನಿ, ಸರಿಹೋಗತ್ತೆ. ಅಲ್ಲೀವರೆಗೆ ಮಡಿಲಲ್ಲಿ ಅಡ್ಡ ಹಾಕ್ಕೋಬೇಡಿ, ಕಂಕುಳಲ್ಲಿ ಚೀಲ ಹಿಡಿದ ಹಾಗೆ ಹಿಡ್ಕೊಂಡು ಕುಡಿಸಿ." ಆಮೇಲೆ ತಾಯಿಯ ಕಡೆ ನೋಡಿ ನಕ್ಕಳು. "ನಿಮ್ಮ ಭಯ ಸುಳ್ಳಾಯ್ತು."

"ಸುಳ್ಳಾಗ್ಲಿ ಅಂತಾನೇ ಬಂದದ್ದು, ಡಾಕ್ಟ್ರಮ್ಮ."

ಮಗಳು ಅಲ್ಲೇ ಬೆಂಚಿನ ಮೇಲೆ ಕೂತು, ಮಗುವಿನ ಕಾಲುಗಳನ್ನು ಹಿಂದಕ್ಕೆ ಹಾಕಿ, ಕಂಕುಳಲ್ಲಿ ಅವುಚಿಕೊಂಡು ಎಡಗಡೆಯನ್ನು ಬಾಯಿಗಿಟ್ಟಳು. ಮಗು ಒಮ್ಮೆ ಕೊಸರಾಡಿತು. ಮತ್ತೊಮ್ಮೆ ಮೂಸಿತು. ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದಷ್ಟೇ ಕೇಳಿಸಿತು.

"ಕುಡೀತಿದಾಳೆ, ಅಮ್ಮ."

ತಾಯಿ ಬಗ್ಗಿ ನೋಡಿದಳು. ತನ್ನ ಎಡಗಡೆಯಲ್ಲಿ, ಏನೂ ಇಲ್ಲದ ಆ ಜಾಗದಲ್ಲಿ, ಹಾಲು ಜುಮ್ಮೆಂದು ಇಳಿಯಿತು. ಬಟ್ಟೆ ಒದ್ದೆಯಾಯಿತೆನಿಸಿ, ಅದು ಎದುರಿಗಿದ್ದವರಿಗೆ ಕಾಣಬಾರದೆಂದು ಅವಳು ಗಡಿಬಿಡಿಯಲ್ಲಿ ಶಾಲು ಎಳೆದುಕೊಂಡಳು.