ಅಂಕೆಗೊಂದು ದೊಡ್ಡಕ್ಷರ

ನಾರಾಯಣಪ್ಪ ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ ಹಲಗೆಯ ಮುಂದೆ ನಿಂತರು. "೧.೧೮೪. ಇವತ್ತಿಂದ ಇದೂ ಸ್ಥಿರಾಂಕ. ಯಾವ ಅಕ್ಷರ ಹಾಕೋಣ?"

ರಾಜಾಜಿನಗರದ ಆ ಸ್ಪ್ರಿಂಗ್ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ೧೯೫೭ರಲ್ಲಿ ಒಂದು ಪದ್ಧತಿಯಿತ್ತು. ತಂತಿಯ ದಪ್ಪ, ಹೊರೆಯ ಭಾರ, ಇಂಥ ಬದಲಾಗುವ ಸಂಖ್ಯೆಗಳಿಗೆ ಇಂಗ್ಲಿಷಿನ ಚಿಕ್ಕಕ್ಷರ, ಕಪ್ಪು ಬಣ್ಣ. ಎಂದೂ ಬದಲಾಗದ ಸಂಖ್ಯೆಗೆ ದೊಡ್ಡಕ್ಷರ, ಕೆಂಪು ಬಣ್ಣ. ಅದೂ ಕಂಡುಹಿಡಿದವರ ಹೆಸರಿನ ಮೊದಲ ಅಕ್ಷರ. ಹಲಗೆಯ ಮೇಲೆ ಮುಖ್ಯಸ್ಥರಾದ ನಾರಾಯಣಪ್ಪನವರ 'ಎನ್' ಎರಡು ಕಡೆ, ಅವರ ಸಹಾಯಕ ಬೆಟ್ಟಯ್ಯನ 'ಬಿ' ಒಂದು ಕಡೆ ಇತ್ತು. ಈ ಹೊಸ ಸಂಖ್ಯೆಯನ್ನು ಅದೇ ಕೋಣೆಯಲ್ಲಿ ಕೆಲಸಕ್ಕಿದ್ದ ಅನಂತಲಕ್ಷ್ಮಿ ಏಳು ತಿಂಗಳು ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ಕಂಡುಕೊಂಡಿದ್ದಳು. ಹೊರೆಯ ಭಾರವನ್ನು ಅದರಿಂದ ಗುಣಿಸತೊಡಗಿದ ಮೇಲೆ ಸ್ಪ್ರಿಂಗುಗಳು ಮುರಿಯುವುದು ನಿಂತಿತ್ತು.

"ಎ, ಸಾರ್," ಎಂದಳು. ದನಿ ಅವಳೆಣಿಸಿದ್ದಕ್ಕಿಂತ ಸಣ್ಣದಾಗಿ ಬಂತು.

ಬೆಟ್ಟಯ್ಯ ಮೇಜಿನ ಮೇಲಿದ್ದ ಅವಳ ಲಗ್ನಪತ್ರಿಕೆಯನ್ನು ಎತ್ತಿಕೊಂಡ. "ತಾಳಿ ಸಾರ್. ಇವರತ್ತೆ ಹೆಸರೂ ಅನಂತಲಕ್ಷ್ಮಮ್ಮ ಅಂತ ಹಾಕವ್ರೆ, ನೋಡಿ. ಒಂದು ಮನೇಲಿ ಎರಡು ಅನಂತಲಕ್ಷ್ಮಿ ಇರಕ್ಕಾಯ್ತದಾ? ಮಾವ ಕಾಫಿ ಅಂದ್ರೆ ಇಬ್ರೂ ಓಡಿ ಬಂದ್ಬಿಡ್ತಾರೆ! ಸೊಸೆಗೆ ಹೊಸ ಹೆಸರು ಇಟ್ಟೇ ಇಡ್ತಾರೆ."

"ಹೌದೇನಮ್ಮಾ?" ನಾರಾಯಣಪ್ಪ ಅವಳತ್ತ ತಿರುಗಿದರು.

"ಹೌದು ಸಾರ್. ಬದಲಾಯಿಸ್ತಾರಂತೆ. ಆದ್ರೆ ಲೆಕ್ಕ ಮಾಡಿದ್ದು ಈ ಹೆಸರಲ್ಲಿ."

"ಇಲ್ಲ ಅನ್ನಲ್ಲ ಕಣಮ್ಮಾ. ಆದ್ರೆ ದೊಡ್ಡಕ್ಷರ ಒಂದ್ಸಲ ಬರೆದ್ರೆ ಅಳಿಸೋ ಹಾಗಿಲ್ಲ. ನಾಳೆ ಯಾರಾದ್ರೂ ಈ 'ಎ' ಯಾರು ಅಂತ ಕೇಳಿದ್ರೆ, ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂತ ಹೇಳೋಣವಾ?"

"ಬೆಟ್ಟಯ್ಯನವರ ಹೆಸರು ಮದುವೆ ಆದ್ಮೇಲೂ ಹಾಗೇ ಇದೆಯಲ್ಲ ಸಾರ್."

ಬೆಟ್ಟಯ್ಯ ಜೋರಾಗಿ ನಕ್ಕ. "ನಂಗ್ಯಾರಮ್ಮಾ ಹೊಸ ಹೆಸರು ಇಡ್ತಾರೆ? ಇರೋ ಹೆಸರನ್ನೇ ನಮ್ಮನೆಯೋಳು ಕರೆಯಲ್ಲ!"

ನಾರಾಯಣಪ್ಪ ನಗಲಿಲ್ಲ. ಅವರು ಅನ್ಯಾಯ ಮಾಡುವ ಮನುಷ್ಯರಲ್ಲ. "ಹೀಗೆ ಮಾಡೋಣ. ಮಧ್ಯಾಹ್ನದೊಳಗೆ ಈ ಹಲಗೆ ಯಂತ್ರದೋರ ಹತ್ರ ಹೋಗ್ಬೇಕು. ನಿಮ್ಮ ಹೊಸ ಹೆಸರಿನ ಅಕ್ಷರಾನೇ ಈಗ್ಲೇ ಹಾಕ್ಬಿಡ್ತೀನಿ. ಏನಂತೆ ಹೆಸರು?"

ಅನಂತಲಕ್ಷ್ಮಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿದಳು.

"ನನಗಿನ್ನೂ ಹೇಳಿಲ್ಲ ಸಾರ್."

ನಾರಾಯಣಪ್ಪ ಗಡಿಯಾರ ನೋಡಿದರು. ಕುಂಚದ ತುದಿ ಒಣಗಿತ್ತು. ಇನ್ನೊಮ್ಮೆ ಬಣ್ಣದಲ್ಲಿ ಅದ್ದಿ ಮೂರನೆಯ 'ಎನ್' ಬರೆದರು, ಅದರ ಮುಂದೆ ಸಂಖ್ಯೆ ಬರೆದರು. ಬೇಗ ಆರಲೆಂದು ಬೆಟ್ಟಯ್ಯ ಬಗ್ಗಿ ಊದಿದ.

ಅನಂತಲಕ್ಷ್ಮಿ ಹತ್ತಿರ ಹೋಗಿ ಅಂಕೆಗಳನ್ನು ಒಂದೊಂದಾಗಿ ಓದಿ ನೋಡಿದಳು. ನಾಲ್ಕೂ ಸರಿಯಾಗಿದ್ದವು.